ಎಸೆದದ್ದು ಯಾರದು?

ಹುಬ್ಬಳ್ಳಿಯಿಂದ ಕಲಘಟಗಿ ದಾಟಿ ಯಲ್ಲಾಪುರದ ಕಡೆಗೆ ಸಾಗುವ ದಾರಿಯಲ್ಲಿ ದೇವಿಕೊಪ್ಪ ಸಿಗುತ್ತದೆ. ಬಯಲುಸೀಮೆ ಮುಗಿದು ಕಾಡಿನ ನೆರಳು ಆರಂಭವಾಗುವ ಊರು ಇದು. ಸುತ್ತಲೂ ಗೋವಿನಜೋಳ, ಭತ್ತ, ಹತ್ತಿಯ ಹೊಲಗಳು. ಇಂಥ ಊರಿನಲ್ಲಿ ಕುಳಿತು ಕಾರ್ಖಾನೆಗಳ ಅಪಾಯಕಾರಿ ತ್ಯಾಜ್ಯದ ಕುರಿತು ಬರೆಯುವುದೇಕೆ ಎಂದು ನೀವು ಕೇಳಬಹುದು. ಅದು ದೊಡ್ಡ ಊರುಗಳ, ದೊಡ್ಡ ಮಾಲೀಕರ ಚಿಂತೆ ಎಂದೇ ನಾನೂ ಬಹುಕಾಲ ತಿಳಿದಿದ್ದೆ.

ಒಂದು ದಿನ ಇಲ್ಲಿಯ ರಸ್ತೆ ಬದಿಯ ಗ್ಯಾರೇಜಿನಲ್ಲಿ ನನ್ನ ಜೀಪಿನ ಆಯಿಲ್ ಬದಲಾಯಿಸುತ್ತಿದ್ದರು. ಹದಿನೇಳರ ಹುಡುಗನೊಬ್ಬ ಹಳೆಯ ಕಪ್ಪು ಎಣ್ಣೆಯನ್ನು ಡಬ್ಬಿಯಲ್ಲಿ ಹಿಡಿದುಕೊಂಡು ಗ್ಯಾರೇಜಿನ ಹಿಂದಕ್ಕೆ ಹೊರಟ. ಮೊಣಕೈವರೆಗೂ ಅವನ ಕೈ ಕಪ್ಪಾಗಿತ್ತು.

"ಎಲ್ಲಿಗೆ ಒಯ್ಯಾಕತ್ತೀ ತಮ್ಮಾ?" ಎಂದೆ.

"ಆಚೆ ಚೆಲ್ಲಿ ಬರ್ತೀನ್ರಿ ಫಾದರ್, ಹಳ್ಳದ ಕಡೆ" ಎಂದ.

ನಾನು ಏನೂ ಹೇಳಲಿಲ್ಲ. ಹೊಸ ಎಣ್ಣೆಗೆ ಹಣ ಕೊಟ್ಟು, ರಸೀದಿ ಪಡೆದು ಹೊರಟುಬಂದೆ. ರಾತ್ರಿ ಮಲಗುವ ಮುನ್ನ ಆತ್ಮಶೋಧನೆ ಮಾಡಿಕೊಳ್ಳುವಾಗ ಆ ಡಬ್ಬಿ ಕಣ್ಣ ಮುಂದೆ ಬಂದು ನಿಂತಿತು. ಹೊಸ ಎಣ್ಣೆ ನನ್ನದಾಗಿದ್ದರೆ ಹಳೆಯ ಎಣ್ಣೆ ಯಾರದು? ಐದು ಸಾವಿರ ಕಿಲೋಮೀಟರ್ ನನ್ನನ್ನು ಹೊತ್ತು ತಿರುಗಿಸಿದ ವಸ್ತು ಯಾವ ಗಳಿಗೆಯಲ್ಲಿ ನನ್ನದಲ್ಲವಾಯಿತು? ಅದು ಹುಡುಗನ ಕೈ ಸೇರಿದಾಗಲೇ? ಹಳ್ಳ ಸೇರಿದಾಗಲೇ?

ಪ್ರಿಯ ಓದುಗರೇ, ಈ ಲೇಖನದ ಪ್ರಶ್ನೆ ಇಷ್ಟೇ. ಒಂದು ವಸ್ತುವಿನ ಲಾಭ ಪಡೆದವನು ಅದರ ವಿಷಕ್ಕೂ ಒಡೆಯನೇ ಅಲ್ಲವೇ? ಹೌದಾದರೆ, ಆ ಒಡೆತನ ಎಲ್ಲಿಯವರೆಗೆ?

'ಆಚೆ' ಎಂಬುದು ನಮ್ಮೆಲ್ಲರ ನಾಲಿಗೆಯ ಮೇಲಿರುವ ಮಾತು. ಆದರೆ ಆ ಹೆಸರಿನ ಊರು ಭೂಮಿಯ ಮೇಲೆ ಎಲ್ಲಿಯೂ ಇಲ್ಲ. ಧಾರವಾಡದ ಸೋಮೇಶ್ವರದ ಬಳಿ ಹುಟ್ಟುವ ಶಾಲ್ಮಲೆ ಮುಂದೆ ಬೇಡ್ತಿ ಎನಿಸಿಕೊಳ್ಳುತ್ತಾಳೆ. ಕಲಘಟಗಿ ಸೀಮೆಯ ಹಳ್ಳಗಳ ನೀರನ್ನು ಕೂಡಿಸಿಕೊಂಡು, ಯಲ್ಲಾಪುರದ ಮಾಗೋಡಿನಲ್ಲಿ ಧುಮುಕಿ, ಗಂಗಾವಳಿ ಎಂಬ ಹೆಸರಿನಿಂದ ಸಮುದ್ರ ಸೇರುತ್ತಾಳೆ. ನಮ್ಮ ಹಿತ್ತಿಲ ಹಳ್ಳಕ್ಕೆ ಸುರಿದದ್ದು ಮಳೆಗಾಲದಲ್ಲಿ ಈ ದಾರಿ ಹಿಡಿಯುತ್ತದೆ. ನಮಗೆ ಆಚೆ ಎನಿಸುವ ಸ್ಥಳದಲ್ಲಿ ಮತ್ತೊಬ್ಬ ತಾಯಿ ಕೊಡ ಅದ್ದುತ್ತಿರುತ್ತಾಳೆ.

ನಮ್ಮ ಜಿಲ್ಲೆಯೇ ಈ ಪಾಠವನ್ನು ಕಣ್ಣಾರೆ ಕಂಡಿದೆ. ರಾಣೇಬೆನ್ನೂರು ತಾಲೂಕಿನ ಕುಮಾರಪಟ್ಟಣ 1997ರಲ್ಲಿ ಹಾವೇರಿ ಜಿಲ್ಲೆ ಆಗುವವರೆಗೂ ಧಾರವಾಡ ಜಿಲ್ಲೆಯದೇ ಊರು. 1970ರ ದಶಕದಲ್ಲಿ ಅಲ್ಲಿ ಮರದಿಂದ ರೇಯಾನ್ ನೂಲಿಗೆ ಬೇಕಾದ ತಿರುಳನ್ನು ತೆಗೆಯುವ ಹರಿಹರ ಪಾಲಿಫೈಬರ್ಸ್ ಕಾರ್ಖಾನೆ ಆರಂಭವಾಯಿತು. ಸಾವಿರಾರು ಮನೆಗಳಲ್ಲಿ ಅದರಿಂದ ಒಲೆ ಉರಿಯಿತು. 1980ರ ದಶಕದಲ್ಲಿ ತುಂಗಭದ್ರೆಯಲ್ಲಿ ಮೀನುಗಳು ಸತ್ತು ತೇಲಿದವು. ನೀರು ಬಣ್ಣಗೆಟ್ಟಿತೆಂದು, ನಾರುತ್ತದೆಂದು ದಂಡೆಯ ಹಳ್ಳಿಗಳ ಜನ ದೂರಿಕೊಂಡರು. ಎಸ್. ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ ಮತ್ತು ಸ್ಥಳೀಯ ಜನರು ಹೋರಾಟಕ್ಕೆ ಇಳಿದರು.

ಆ ಕಥೆಯಲ್ಲಿ ನನ್ನನ್ನು ಹೆಚ್ಚು ಕಾಡುವುದು ಸತ್ತ ಮೀನುಗಳಿಗಿಂತಲೂ ಒಂದೇ ಬಳಗದೊಳಗೆ ಬೀಳುವ ಬಿರುಕು. ಅಣ್ಣನಿಗೆ ಕಾರ್ಖಾನೆಯ ಸಂಬಳ ಬೇಕು, ತಮ್ಮನಿಗೆ ನದಿಯ ಮೀನು ಬೇಕು. ಇಬ್ಬರದೂ ಹಸಿವೇ. ವಿಷವನ್ನು ಹುಟ್ಟಿದ ಜಾಗದಲ್ಲೇ ತಡೆಯದಿದ್ದರೆ ಬಡವನ ಎದುರು ಬಡವನನ್ನೇ ನಿಲ್ಲಿಸಿದಂತಾಗುತ್ತದೆ. "ಮಾಡಿದ್ದುಣ್ಣೋ ಮಹಾರಾಯ" ಎನ್ನುತ್ತದೆ ನಮ್ಮ ಗಾದೆ. ತ್ಯಾಜ್ಯದ ವಿಷಯದಲ್ಲಿ ಮಾತ್ರ ಮಾಡಿದವನೊಬ್ಬ, ಉಣ್ಣುವವನು ಮತ್ತೊಬ್ಬ. ಅನ್ಯಾಯದ ಬೇರು ಇರುವುದು ಇಲ್ಲಿಯೇ.

ದೂರ ಮಾತ್ರವಲ್ಲ, ಕಾಲವೂ ಹೊಣೆಯನ್ನು ಮರೆಸುತ್ತದೆ. ಕೋಲಾರದ ಚಿನ್ನದ ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. ಅಲ್ಲಿಯ ಚಿನ್ನ ಎಂದೋ ಹೊರಟುಹೋಗಿದೆ. ಅದಿರನ್ನು ಪುಡಿಮಾಡಿ ಸೈನೈಡಿನಿಂದ ಚಿನ್ನ ಬಸಿದ ಮೇಲೆ ಉಳಿದ ಬೂದುಮಣ್ಣಿನ ದಿಬ್ಬಗಳು ಮಾತ್ರ ಊರಿನ ನಡುವೆಯೇ ನಿಂತಿವೆ. ಗಾಳಿ ಬೀಸಿದಾಗ ಅದರ ಧೂಳು ಗಣಿಕಾರ್ಮಿಕರ ಮಕ್ಕಳು, ಮೊಮ್ಮಕ್ಕಳ ಮನೆಗಳ ಮೇಲೆ ಬೀಳುತ್ತದೆ. ಚಿನ್ನಕ್ಕೆ ವಾರಸುದಾರರು ಬಹಳ ಮಂದಿ, ದಿಬ್ಬಕ್ಕೆ ಯಾರೂ ಇಲ್ಲ.

ಭೋಪಾಲದ ಸಂಗತಿ ಇನ್ನೂ ಕಠಿಣವಾದುದು. 1984ರ ಡಿಸೆಂಬರ್ 2ರ ರಾತ್ರಿ ಅಲ್ಲಿ ವಿಷಾನಿಲ ಸೋರಿದ್ದು ಜಗತ್ತಿಗೆಲ್ಲ ಗೊತ್ತು. ಅದೇ ಕಾರ್ಖಾನೆಯ ಅಂಗಳದಲ್ಲಿ ಉಳಿದಿದ್ದ 337 ಟನ್ ತ್ಯಾಜ್ಯವನ್ನು ಅಲ್ಲಿಂದ ಎತ್ತಿದ್ದು ನಲವತ್ತು ವರ್ಷಗಳ ನಂತರ, 2025ರ ಜನವರಿಯಲ್ಲಿ. ಮೊಹರು ಹಾಕಿದ ಕಂಟೇನರುಗಳಲ್ಲಿ ತುಂಬಿ ಇನ್ನೂರಕ್ಕೂ ಹೆಚ್ಚು ಕಿಲೋಮೀಟರ್ ದೂರದ ಪೀಥಂಪುರಕ್ಕೆ ಒಯ್ದರು. ಭೋಪಾಲಕ್ಕೆ ಆಚೆಯಾದ ಪೀಥಂಪುರ, ಅಲ್ಲಿಯವರಿಗೆ ಸ್ವಂತ ಊರು. ಅವರು ಬೀದಿಗಿಳಿದು ಪ್ರತಿಭಟಿಸಿದರು. ಕೊನೆಗೆ ಅದೇ ವರ್ಷದ ಜೂನ್ ಅಂತ್ಯದ ಹೊತ್ತಿಗೆ ಅದನ್ನು ಸುಟ್ಟು ಮುಗಿಸಿದರು. ಸುಟ್ಟ ಮೇಲೂ ಬೂದಿ ಉಳಿಯಿತು, ಅದಕ್ಕೂ ಒಂದು ಜಾಗ ಬೇಕು.

ಹಾಗಾದರೆ ಕಾರ್ಖಾನೆಗಳೇ ಬೇಡವೆನ್ನೋಣವೇ? ಅದು ಸುಲಭವಾದ, ಆದರೆ ಪ್ರಾಮಾಣಿಕವಲ್ಲದ ಉತ್ತರ. ಈ ಪತ್ರಿಕೆ ಓದುವ ಎಷ್ಟೋ ಮನೆಗಳ ಮಕ್ಕಳು ಹುಬ್ಬಳ್ಳಿಯ ಗೋಕುಲ ರಸ್ತೆ, ತಾರಿಹಾಳ, ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶಗಳಲ್ಲಿ ದುಡಿಯುತ್ತಿದ್ದಾರೆ. ಆ ದುಡಿಮೆಗೆ ಘನತೆಯಿದೆ. ಕೇಳಬೇಕಾದ ಪ್ರಶ್ನೆ ಬೇರೆ: ಅಲ್ಲಿ ವಿಷ ಎಷ್ಟು ಹುಟ್ಟುತ್ತದೆ, ಅಷ್ಟು ಹುಟ್ಟಲೇಬೇಕೇ?

ಅಪಾಯಕಾರಿ ತ್ಯಾಜ್ಯಕ್ಕೆಂದೇ ನಮ್ಮ ದೇಶ 1989ರಲ್ಲಿ ಮೊದಲು ನಿಯಮ ಮಾಡಿತು. ಈಗಿರುವುದು 2016ರ ನಿಯಮ. ಅದು ಹೊಣೆಯನ್ನು ಕಾರ್ಖಾನೆ ನಡೆಸುವವನ ಮೇಲೆ ಹೊರಿಸಿ, ಕೆಲಸಗಳಿಗೆ ಒಂದು ಕ್ರಮವನ್ನೂ ಹೇಳುತ್ತದೆ. ಮೊದಲು ತ್ಯಾಜ್ಯ ಹುಟ್ಟದಂತೆ ತಡೆಯುವುದು, ಅನಂತರ ಕಡಿಮೆ ಮಾಡುವುದು, ಆಮೇಲೆ ಮರುಬಳಕೆ. ಸುರಕ್ಷಿತವಾಗಿ ವಿಲೇವಾರಿ ಮಾಡುವುದು ಕಟ್ಟಕಡೆಯ ಮೆಟ್ಟಿಲು. ಸಾಮಾನ್ಯವಾಗಿ 90 ದಿನಗಳಿಗಿಂತ ಹೆಚ್ಚು ಕಾಲ ಅದನ್ನು ಕೂಡಿಡುವಂತಿಲ್ಲ. ಪೀಪಾಯಿಯ ಮೇಲೆ ಒಳಗೇನಿದೆ ಎಂಬ ಚೀಟಿ ಇರಬೇಕು. ನಾವು ಮಾತ್ರ ಕಟ್ಟಕಡೆಯ ಮೆಟ್ಟಿಲಿನಿಂದಲೇ ಆರಂಭಿಸಿ, ಅದನ್ನೂ ಹಳ್ಳದ ದಂಡೆಯಲ್ಲಿ ಮುಗಿಸುತ್ತೇವೆ.

ಕಡಿಮೆ ಮಾಡುವ ವಿದ್ಯೆ ನಮ್ಮ ಅಡುಗೆಮನೆಯ ತಾಯಂದಿರಿಗೆ ಹೊಸದಲ್ಲ. ಉಣ್ಣುವವರನ್ನು ಎಣಿಸಿ ಅಕ್ಕಿ ಅಳೆಯುವವಳು ಅನ್ನ ಚೆಲ್ಲಬೇಕಾಗುವುದಿಲ್ಲ. ಕಾರ್ಖಾನೆಯಲ್ಲೂ ಹಾಗೆಯೇ. ಲೋಹಕ್ಕೆ ಲೇಪ ಹಾಕುವಲ್ಲಿ, ದ್ರಾವಣದಿಂದ ಎತ್ತಿದ ತುಣುಕನ್ನು ತೊಟ್ಟಿಯ ಮೇಲೆಯೇ ಸ್ವಲ್ಪ ಹೊತ್ತು ತೂಗುಬಿಟ್ಟರೆ ವಿಷದ ಹನಿ ತೊಟ್ಟಿಗೇ ಮರಳುತ್ತದೆ, ತೊಳೆಯುವ ನೀರಿಗೆ ಸೇರುವುದಿಲ್ಲ. ಒಂದೇ ತೊಟ್ಟಿಯಲ್ಲಿ ಧಾರಾಳವಾಗಿ ನೀರು ಹರಿಸುವ ಬದಲು ಎರಡು ಮೂರು ತೊಟ್ಟಿಗಳಲ್ಲಿ ಸಾಲಾಗಿ ತೊಳೆದರೆ ಕೆಟ್ಟ ನೀರು ಬಹಳಷ್ಟು ಇಳಿಯುತ್ತದೆ. ಬಣ್ಣ, ತಿನ್ನರುಗಳನ್ನು ಬೇಕಾದಷ್ಟೇ ಕೊಂಡರೆ ಕೆಟ್ಟುಹೋದ ಡಬ್ಬಿ ಉಳಿಯುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾದುದು ಬೇರ್ಪಡಿಸುವುದು. ಒಂದು ಪೀಪಾಯಿ ವಿಷವನ್ನು ಒಂಬತ್ತು ಪೀಪಾಯಿ ಸಾದಾ ಕಸದೊಡನೆ ಬೆರೆಸಿದರೆ ಹತ್ತು ಪೀಪಾಯಿ ವಿಷವಾಗುತ್ತದೆ. ಇವುಗಳಲ್ಲಿ ಬಹುಪಾಲು ಕೆಲಸಗಳಿಗೆ ಕೋಟಿ ಹಣ ಬೇಡ, ಗಮನ ಬೇಕು.

ದುಡಿಯುವವನ ಮೈಯೂ ಒಂದು ಹಳ್ಳವೇ, ಅಲ್ಲಿಗೂ ವಿಷ ಹರಿಯುತ್ತದೆ. ಬಳಸಿದ ಎಂಜಿನ್ ಎಣ್ಣೆ ವರ್ಷಾನುಗಟ್ಟಲೆ ಚರ್ಮಕ್ಕೆ ತಾಗುತ್ತಿದ್ದರೆ ಕ್ಯಾನ್ಸರಿಗೂ ದಾರಿಯಾಗಬಲ್ಲದು. ಬ್ಯಾಟರಿ ಒಡೆಯುವ ಕೆಲಸಗಾರನ ಬಟ್ಟೆಯಲ್ಲಿ ಸೀಸದ ಧೂಳು ಮನೆಗೆ ಬರುತ್ತದೆ, ತಂದೆಯನ್ನು ಅಪ್ಪಿಕೊಂಡ ಮಗುವಿನ ಮೈ ಸೇರುತ್ತದೆ. ಸೀಸವು ಮಕ್ಕಳ ಬುದ್ಧಿಯ ಬೆಳವಣಿಗೆಗೇ ಪೆಟ್ಟು ಕೊಡುವ ಲೋಹ. ಆದ್ದರಿಂದ ಕೆಲಸದ ಬಟ್ಟೆಯನ್ನು ಕೆಲಸದ ಜಾಗದಲ್ಲೇ ಬಿಟ್ಟು, ಕೈಕಾಲು ತೊಳೆದು ಮನೆಗೆ ಬರುವುದು, ಆ ಬಟ್ಟೆಯನ್ನು ಮನೆಯವರ ಬಟ್ಟೆಯೊಡನೆ ಒಗೆಯದಿರುವುದು ಕೇವಲ ಶುಚಿತ್ವವಲ್ಲ. ಅದು ಪ್ರೀತಿಯ ಕೆಲಸ. ಕೈಗವಸು, ನೀರು, ಸಾಬೂನು ಒದಗಿಸುವುದು ಮಾಲೀಕನ ದಾನವಲ್ಲ, ಅವನ ಕರ್ತವ್ಯ.

ಪೋಪ್ ಫ್ರಾನ್ಸಿಸರು 2015ರ 'ಲೌದಾತೋ ಸಿ' ಪರಿಪತ್ರದಲ್ಲಿ ತ್ಯಾಜ್ಯದ ವಿಷಯವನ್ನು ಮೊದಲ ಅಧ್ಯಾಯದಲ್ಲೇ ಎತ್ತಿಕೊಂಡರು. ವಸ್ತುಗಳನ್ನು ಎಸೆಯುವ ಅಭ್ಯಾಸವು ಮನುಷ್ಯರನ್ನೂ ಎಸೆಯುವ ಅಭ್ಯಾಸಕ್ಕೆ ತಿರುಗುತ್ತದೆ ಎಂಬುದು ಅವರ ಕಳವಳವಾಗಿತ್ತು. ಗ್ಯಾರೇಜಿನ ಹುಡುಗನನ್ನು ನೆನೆದಾಗ ನನಗೆ ಆ ಮಾತು ಅರ್ಥವಾಗುತ್ತದೆ. ಎಣ್ಣೆಯನ್ನು ಮಾತ್ರವಲ್ಲ, ಅವನ ಕೈಗಳನ್ನೂ ನಾನು ಲೆಕ್ಕಕ್ಕೆ ಹಿಡಿದಿರಲಿಲ್ಲ. ತಮ್ಮನೆಲ್ಲಿ ಎಂದು ದೇವರು ಕೇಳಿದಾಗ ಕಾಯಿನನು ಹೊಣೆ ಜಾರಿಸಿಕೊಂಡ. ನಾನು ಮೌನದಿಂದಲೇ ಜಾರಿಸಿಕೊಂಡಿದ್ದೆ.

ಮರುವಾರ ಗ್ಯಾರೇಜಿನ ಮಾಲೀಕರ ಬಳಿ ಹೋಗಿ ಈ ಮಾತು ತೆಗೆದೆ. ಅವರು ಸಿಟ್ಟಾಗಲಿಲ್ಲ, ನಕ್ಕರು. "ನೀವು ಹೇಳೂದು ಖರೇ ಐತ್ರಿ ಫಾದರ್. ಆದ್ರ ಇಷ್ಟ ಎಣ್ಣೀಗೆ ಹುಬ್ಬಳ್ಳಿಯಿಂದ ಯಾರ್ ಬರ್ತಾರ್ರಿ?" ಎಂದರು. ಅವರ ಪ್ರಶ್ನೆ ನ್ಯಾಯವಾದುದೇ. ಬಳಸಿದ ಎಣ್ಣೆಯನ್ನು ಶುದ್ಧೀಕರಿಸಿ ಮತ್ತೆ ಎಣ್ಣೆ ಮಾಡಬಹುದು. ಅದಕ್ಕೆ ಪರವಾನಗಿ ಪಡೆದ ಘಟಕಗಳಿವೆ. 2024ರ ಏಪ್ರಿಲಿನಿಂದ ಎಣ್ಣೆ ತಯಾರಿಸುವ ಕಂಪನಿಗಳ ಮೇಲೂ ಅದರ ಮರುಬಳಕೆಯ ಹೊಣೆ ಬಿದ್ದಿದೆ. ಆದರೆ ಕಾನೂನಿನ ದಾರಿ ಹಳ್ಳಿಯ ಗ್ಯಾರೇಜಿನವರೆಗೆ ತಾನಾಗಿ ನಡೆದು ಬರುವುದಿಲ್ಲ. ಒಬ್ಬರ ಡಬ್ಬಿಗೆ ಲಾರಿ ಬರುವುದಿಲ್ಲ, ಹತ್ತು ಜನರ ಪೀಪಾಯಿಗೆ ಬರಬಹುದು.

ಈಗ ಅವರ ಗ್ಯಾರೇಜಿನ ಮೂಲೆಯಲ್ಲಿ ಮುಚ್ಚಳವಿರುವ ಪೀಪಾಯಿಯೊಂದು ನಿಂತಿದೆ. ಪಕ್ಕದ ಟ್ರ್ಯಾಕ್ಟರ್ ರಿಪೇರಿಯವರೂ ಅದಕ್ಕೇ ಸುರಿಯುತ್ತಾರೆ. ಹಳ್ಳಕ್ಕೆ ಹೋಗುವುದು ಪೂರ್ತಿ ನಿಂತಿದೆ ಎಂದು ಹೇಳಲಾರೆ. ಬೇಲಿಯ ಗೂಟಕ್ಕೆ ಗೆದ್ದಲು ಹತ್ತದಿರಲೆಂದು ಅದೇ ಎಣ್ಣೆ ಬಳಿಯಲು ಕೇಳಿ ಒಯ್ಯುವವರು ಇದ್ದೇ ಇದ್ದಾರೆ. ಆದರೂ ಒಂದು ಸಣ್ಣ ಬದಲಾವಣೆಯಾಗಿದೆ. ಆ ಎಣ್ಣೆಗೆ ಈಗ ಒಡೆಯರಿದ್ದಾರೆ.

ಓದುಗರೇ, ನಿಮ್ಮ ಮನೆಯಲ್ಲಿಯೂ ಹಳೆಯ ಬ್ಯಾಟರಿ, ಖಾಲಿಯಾದ ಕೀಟನಾಶಕದ ಡಬ್ಬಿ ಇರಬಹುದು. ಬ್ಯಾಟರಿಯನ್ನು ಗುಜರಿಗೆ ಕೊಡದೆ ಮಾರಿದ ಅಂಗಡಿಗೇ ಹಿಂತಿರುಗಿಸಿ. ಔಷಧಿಯ ಡಬ್ಬಿಯನ್ನು ಮೂರು ಸಲ ತೊಳೆದು, ಆ ನೀರನ್ನು ಸಿಂಪಡಿಸುವ ಪಂಪಿಗೇ ಹಾಕಿ, ಡಬ್ಬಿಗೆ ತೂತು ಮಾಡಿ ಬೇರೆಯಾಗಿಡಿ. ಅದರಲ್ಲಿ ಯಾರೂ ಮತ್ತೆ ನೀರು ತುಂಬಬಾರದು. ದುಡಿಯಲು ಹೋಗುವ ಮಗನನ್ನು ಸಂಬಳವೆಷ್ಟು ಎಂದು ಕೇಳುವಂತೆ, ಕೆಲಸ ಮುಗಿದ ಮೇಲೆ ಉಳಿದದ್ದು ಎಲ್ಲಿಗೆ ಹೋಗುತ್ತದೆ ಎಂದೂ ಕೇಳಿ. ನಾನು ಆ ಹುಡುಗನಿಗೆ ಪ್ರಶ್ನೆಯನ್ನು ಕೇಳಿದ್ದೆ, ಉತ್ತರ ಕೇಳಿಯೂ ಸುಮ್ಮನಿದ್ದೆ. ನೀವು ಸುಮ್ಮನಿರಬೇಡಿ.