ಪುಸ್ತಕದ ಋಣ

ಪಾಳುಬಿದ್ದ ನಗರವೊಂದರ ಬಳಿ ಕುಳಿತು ಒಬ್ಬ ಹುಡುಗ, ಮೂರು ಸಾವಿರ ವರ್ಷಗಳಿಗೂ ಹಿಂದೆ ವಿಷ ಬೆರೆತ ಶಕ್ತಿಯೊಂದನ್ನು ತೊಳೆದು ಶುದ್ಧ ಮಾಡುತ್ತಾನೆ. ಅದುವರೆಗೆ ಆ ಶಕ್ತಿಯನ್ನು ಬಳಸಿದ ಗಂಡಸರ ಪಾಲಿಗೆ ಹುಚ್ಚೇ ಗತಿಯಾಗಿತ್ತು. ಇನ್ನು ಮುಂದೆ ಹಾಗಾಗಬೇಕಿಲ್ಲ. ರಾಬರ್ಟ್ ಜೋರ್ಡನ್ ಅವರ ‘ದಿ ವೀಲ್ ಆಫ್ ಟೈಮ್’ ಸರಣಿಯ ಒಂಬತ್ತನೆಯ ಸಂಪುಟ ‘ವಿಂಟರ್ಸ್ ಹಾರ್ಟ್’ ಮುಗಿಯುವುದು ಇಲ್ಲಿ. ಅದು ಬಂದದ್ದು 2000ದಲ್ಲಿ. ಹತ್ತನೆಯದಾದ ‘ಕ್ರಾಸ್‌ರೋಡ್ಸ್ ಆಫ್ ಟ್ವೈಲೈಟ್’ 2003ರ ಜನವರಿಯಲ್ಲಿ ಬಂತು. ಎರಡು ವರ್ಷ ಕಾದವರು ಅದನ್ನು ತೆರೆದಾಗ ಕಥೆ ಹಿಂದಕ್ಕೆ ಸರಿದಿತ್ತು. ಅದೇ ದಿನ ಬೇರೆ ಬೇರೆ ಕಡೆಗಳಲ್ಲಿದ್ದ ಪಾತ್ರಗಳಿಗೆ, ದೂರದಲ್ಲೆಲ್ಲೋ ಹಿಂದೆಂದೂ ಕಾಣದಷ್ಟು ದೊಡ್ಡ ಶಕ್ತಿ ಉರಿಯುತ್ತಿರುವುದು ಅರಿವಿಗೆ ಬರುತ್ತದೆ. ಅದೇನಿರಬಹುದೆಂದು ಅವು ಚಿಂತಿಸುತ್ತವೆ, ಮತ್ತೆ ತಮ್ಮ ತಮ್ಮ ಕೆಲಸಕ್ಕೆ ಮರಳುತ್ತವೆ. ಆರು ನೂರಕ್ಕೂ ಹೆಚ್ಚು ಪುಟಗಳ ಪುಸ್ತಕದಲ್ಲಿ ಆ ಹುಡುಗ, ರ‍್ಯಾಂಡ್, ಕಾಣಿಸಿಕೊಳ್ಳುವುದೇ ಅಪರೂಪ.

ಹಾಗೆ ಕಾದವರಲ್ಲಿ ನಾನೂ ಒಬ್ಬ. ಆ ಪುಸ್ತಕ ಮುಗಿಸಿದ ರಾತ್ರಿ ನನಗಾದದ್ದು ಸಿಟ್ಟಲ್ಲ, ದುಃಖ. ಹದಿನೇಳು ವರ್ಷಗಳ ನಂತರ ನನ್ನ ಅಣ್ಣನ ಮಗಳು ಹದಿನಾಲ್ಕೂ ಸಂಪುಟಗಳನ್ನು ಐದೇ ತಿಂಗಳಲ್ಲಿ ಓದಿ ಮುಗಿಸಿದಳು. ಹತ್ತನೆಯದು ಹೇಗಿತ್ತೆಂದು ಕೇಳಿದೆ. “ಸ್ವಲ್ಪ ನಿಧಾನ ಇತ್ತು ಚಿಕ್ಕಪ್ಪ, ಆದ್ರೆ ನೀವು ಹೇಳೋವಷ್ಟು ಕೆಟ್ಟದಾಗೇನೂ ಇರ್ಲಿಲ್ಲ. ಒಂದು ವಾರದಲ್ಲಿ ಮುಂದಿನದಕ್ಕೆ ಹೋದೆ” ಅಂದಳು. ಈ ಸರಣಿಯ ಓದುಗರನ್ನು ಇಬ್ಭಾಗ ಮಾಡಿರುವ ಜಗಳ ಅವಳ ಆ ಒಂದು ಮಾತಿನಲ್ಲಿದೆ. ಏಳು ಅಥವಾ ಎಂಟನೆಯ ಸಂಪುಟದಿಂದ ಹತ್ತರವರೆಗಿನ ಹಾದಿಗೆ ಇಂಗ್ಲಿಷ್ ಓದುಗರು ‘ಸ್ಲಾಗ್’ ಎಂದು ಹೆಸರಿಟ್ಟಿದ್ದಾರೆ. ಕೆಸರಿನಲ್ಲಿ ಕಾಲು ಕಿತ್ತಿಟ್ಟು ನಡೆದಂತೆ ಎಂಬ ಭಾವ. ಸರಣಿ ಅಲ್ಲಿ ಕುಸಿಯಿತೆಂದು ಒಂದು ಬಣ ಹೇಳುತ್ತದೆ. ಕುಸಿದದ್ದು ನಿಮ್ಮ ತಾಳ್ಮೆ ಎಂದು ಇನ್ನೊಂದು ಬಣ.

ಇದು ರುಚಿಯ ವಿಷಯ, ಲೋಕೋ ಭಿನ್ನರುಚಿಃ ಎಂದು ಕೈತೊಳೆದುಕೊಳ್ಳುವುದು ಸುಲಭ. ನಾನು ಅದನ್ನು ಒಪ್ಪುವುದಿಲ್ಲ. ಉಪ್ಪು ಕಡಿಮೆಯೋ ಹೆಚ್ಚೋ ಎಂಬುದು ರುಚಿಯಿರಬಹುದು, ಅನ್ನ ಬೆಂದಿದೆಯೋ ಇಲ್ಲವೋ ಎಂಬುದು ರುಚಿಯಲ್ಲ. ಕೃತಿಯೊಂದು ಕುಸಿದಿದೆ ಎಂದು ಹೇಳಬೇಕಾದರೆ ಅಳತೆಗೋಲು ಬೇಕು. ಅದನ್ನು ಹೊರಗಿನಿಂದ ತರುವುದು ಅನ್ಯಾಯ. ಜೋರ್ಡನ್ ಅವರ ಕಾದಂಬರಿ ಬೇರೆ ಯಾರದ್ದೋ ಕಾದಂಬರಿಯಂತೆ ಚುರುಕಾಗಿರಬೇಕೆಂದು ಕೇಳುವ ಹಕ್ಕು ಯಾರಿಗೂ ಇಲ್ಲ. ಆದರೆ ಪ್ರತಿ ಕಥೆಯೂ ನಡೆಯುತ್ತ ನಡೆಯುತ್ತ ಕೆಲವು ಸಾಲಗಳನ್ನು ಮಾಡಿಕೊಳ್ಳುತ್ತದೆ. ಒಬ್ಬಳನ್ನು ಅಪಹರಿಸಿದರೆ ಅದೊಂದು ಸಾಲ. ಒಬ್ಬನಿಗೆ ಭವಿಷ್ಯ ನುಡಿದರೆ ಅದೂ ಸಾಲ. ಓದುಗ ತನ್ನ ಗಮನವನ್ನು ಮುಂಗಡವಾಗಿ ಕೊಟ್ಟಿರುತ್ತಾನೆ. ಈ ಋಣ ಲೇಖಕನದ್ದಲ್ಲ, ಪುಸ್ತಕದ್ದು. ಈ ವ್ಯತ್ಯಾಸ ಮರೆತಾಗಲೇ ಇಂಥ ಜಗಳಗಳು ಹಾದಿ ತಪ್ಪುತ್ತವೆ ಎಂದು ನನಗೆ ಅನಿಸುತ್ತದೆ.

ಜಾರ್ಜ್ ಆರ್. ಆರ್. ಮಾರ್ಟಿನ್ ಅವರ ವಿಷಯವನ್ನೇ ನೋಡಿ. ಅವರ ಸರಣಿಯ ಐದನೆಯ ಸಂಪುಟ 2011ರಲ್ಲಿ ಬಂದ ಮೇಲೆ ಆರನೆಯದಕ್ಕಾಗಿ ಓದುಗರು ಕಾಯುತ್ತಲೇ ಇದ್ದಾರೆ, ಅವರನ್ನು ಬೈಯುತ್ತಲೂ ಇದ್ದಾರೆ. ಆ ಬೈಗುಳ ತಪ್ಪು. ಇನ್ನೂ ಬರೆಯದ ಪುಸ್ತಕ ಯಾರಿಗೂ ಏನನ್ನೂ ಕೊಡಬೇಕಾಗಿಲ್ಲ, ಮನುಷ್ಯನೊಬ್ಬನ ದಿನಗಳು ಅವನವೇ. ಆದರೆ ಅಚ್ಚಾಗಿ, ಸಂಪುಟ ಹತ್ತು ಎಂದು ಬೆನ್ನ ಮೇಲೆ ಬರೆಸಿಕೊಂಡು ಬಂದ ಪುಸ್ತಕದ ಮಾತು ಬೇರೆ. ಅದು ಹಿಂದಿನ ಒಂಬತ್ತರ ಲೆಕ್ಕವನ್ನು ಹೊತ್ತುಕೊಂಡೇ ಬಂದಿರುತ್ತದೆ.

ಹಾಗಾದರೆ ಲೆಕ್ಕ ನೋಡೋಣ. ಪೆರಿನ್ ಎಂಬ ಕಮ್ಮಾರ ಹುಡುಗನ ಹೆಂಡತಿ ಫಾಯೀಲ್ ಶತ್ರುಗಳ ಕೈಗೆ ಸಿಕ್ಕುವುದು ಎಂಟನೆಯ ಸಂಪುಟ ‘ದಿ ಪಾಥ್ ಆಫ್ ಡ್ಯಾಗರ್ಸ್’ನ ಕೊನೆಯಲ್ಲಿ, 1998ರಲ್ಲಿ. ಅವಳು ಬಿಡುಗಡೆಯಾಗುವುದು ಹನ್ನೊಂದನೆಯ ಸಂಪುಟದಲ್ಲಿ, 2005ರಲ್ಲಿ. ನಡುವೆ ಏಳು ವರ್ಷ. ಕಥೆಯೊಳಗೆ ಅದು ಕೆಲವು ವಾರಗಳಷ್ಟೇ. ಆ ವಾರಗಳಲ್ಲಿ ಪೆರಿನ್ ಹಿಮದಲ್ಲಿ ಬಿಡಾರ ಹೂಡಿ ಹುಡುಕುತ್ತಾನೆ, ಕೊರಗುತ್ತಾನೆ, ಹುಳು ಹಿಡಿದ ಧಾನ್ಯ ಕೊಳ್ಳುತ್ತಾನೆ, ಮತ್ತೆ ಕೊರಗುತ್ತಾನೆ. ಕೊರಗುವುದು ಸಹಜ, ಹೆಂಡತಿಯನ್ನು ಕಳೆದುಕೊಂಡವನು ಇನ್ನೇನು ಮಾಡಿಯಾನು? ಆದರೆ ಹತ್ತನೆಯ ಸಲದ ಕೊರಗು ಮೊದಲನೆಯ ಸಲಕ್ಕಿಂತ ಹೊಸದೇನನ್ನೂ ನಮಗೆ ತಿಳಿಸುವುದಿಲ್ಲ. ಅತ್ತ ಎಲೇನ್ ಎಂಬವಳು ಸಿಂಹಾಸನಕ್ಕಾಗಿ ರಾಜಧಾನಿಯಲ್ಲಿ ಬೆಂಬಲ ಒಟ್ಟುಗೂಡಿಸುತ್ತಿದ್ದಾಳೆ. ಆ ಕಥೆಯೂ ಮಾತುಕತೆಯಲ್ಲೇ ಮುಳುಗಿ ಸಂಪುಟದ ಕೊನೆಗೆ ಹೆಚ್ಚುಕಡಿಮೆ ಶುರುವಾದಲ್ಲೇ ಇರುತ್ತದೆ. ನೈನೀವ್ ಎಂಬ ಇನ್ನೊಬ್ಬಳು ಸಿಟ್ಟು ಬಂದಾಗ ಜಡೆ ಎಳೆದುಕೊಳ್ಳುತ್ತಾಳೆ. ಮೊದಲ ಸಂಪುಟದಲ್ಲಿ ಅದು ಅವಳನ್ನು ಕಣ್ಣೆದುರು ನಿಲ್ಲಿಸಿದ ಚಂದದ ವಿವರ. ಸರಣಿ ಬೆಳೆದಂತೆ ಅದು ಬರೀ ಮುದ್ರೆಯಾಗಿಬಿಟ್ಟಿತು.

ಒಂಬತ್ತನೆಯ ಶತಮಾನದ ಕಾಶ್ಮೀರದಲ್ಲಿ ಆನಂದವರ್ಧನ ‘ಧ್ವನ್ಯಾಲೋಕ’ದಲ್ಲಿ ರಸಕ್ಕೆ ವಿರೋಧವಾಗುವ ಸಂಗತಿಗಳನ್ನು ಹೇಳುತ್ತಾನೆ. ಕಥೆಗೆ ಸಂಬಂಧವಿದ್ದರೂ ಬೇರೊಂದು ವಸ್ತುವನ್ನು ಅತಿಯಾಗಿ ವರ್ಣಿಸುವುದು ಅವುಗಳಲ್ಲೊಂದು. ಆಗಲೇ ಪೂರ್ತಿ ಪುಷ್ಟಿಗೊಂಡ ರಸವನ್ನು ಮತ್ತೆ ಮತ್ತೆ ಉದ್ದೀಪಿಸಲು ಹೋಗುವುದು ಇನ್ನೊಂದು. ಪದೇ ಪದೇ ಮುಟ್ಟಿದ ಹೂವಿನಂತೆ ಅದು ಬಾಡುತ್ತದೆ ಎಂಬುದು ಅವನ ವಿವರಣೆ. ಸಾವಿರದ ನೂರಕ್ಕೂ ಹೆಚ್ಚು ವರ್ಷಗಳ ಹಿಂದಿನ ಈ ಮಾತು ‘ಕ್ರಾಸ್‌ರೋಡ್ಸ್ ಆಫ್ ಟ್ವೈಲೈಟ್’ಗೆ ಅಳತೆ ತೆಗೆದು ಹೊಲಿದಂತೆ ಒಪ್ಪುತ್ತದೆ. ಹೀಗಾಗಿಯೇ ಸರಣಿ ಕುಸಿಯಿತೆಂಬ ದೂರನ್ನು ತಾಳ್ಮೆಗೆಟ್ಟ ಒಂದು ಪೀಳಿಗೆಯ ಗೊಣಗಾಟ ಎಂದು ನಾನು ತಳ್ಳಿಹಾಕಲಾರೆ.

ಸರಣಿಯ ಪರ ವಾದಿಸುವವರಲ್ಲಿ ತುಂಬ ಗಂಭೀರವಾಗಿ ಯೋಚಿಸುವವರಿದ್ದಾರೆ. ಇದು ಮಹಾಕಾವ್ಯ, ಮಹಾಭಾರತದಲ್ಲೂ ಉಪಕಥೆಗಳಿಲ್ಲವೇ ಎಂದು ಅವರು ಕೇಳುತ್ತಾರೆ. ಜೋರ್ಡನ್ ಯುಗಗಳು ತಿರುಗಿ ತಿರುಗಿ ಬರುವ ಕಲ್ಪನೆಯನ್ನು ಹಿಂದೂ ಚಿಂತನೆಯಿಂದ ಪಡೆದುದಾಗಿ ಹೇಳಿಕೊಂಡಿದ್ದರಿಂದ ಈ ಪ್ರಶ್ನೆಗೆ ಇನ್ನಷ್ಟು ಬಲ. ಆದರೆ ಆರಣ್ಯಪರ್ವದ ನಳೋಪಾಖ್ಯಾನವನ್ನು ನೆನಪಿಸಿಕೊಳ್ಳಿ. ಬೃಹದಶ್ವ ಮುನಿ ಅದನ್ನು ಹೇಳುವುದು ಯಾರಿಗೆ? ಜೂಜಿನಲ್ಲಿ ಎಲ್ಲವನ್ನೂ ಕಳೆದುಕೊಂಡು ಕಾಡಿನಲ್ಲಿ ಕುಳಿತ ಧರ್ಮರಾಯನಿಗೆ, ಜೂಜಿನಲ್ಲಿ ಎಲ್ಲವನ್ನೂ ಕಳೆದುಕೊಂಡ ಇನ್ನೊಬ್ಬ ರಾಜನ ಕಥೆಯನ್ನು. ಕಥೆ ಮುಗಿದ ಮೇಲೆ ಮುನಿ ಅವನಿಗೆ ಅಕ್ಷಹೃದಯವನ್ನು, ಪಗಡೆಯ ಮರ್ಮವನ್ನು, ಉಪದೇಶಿಸುತ್ತಾನೆ. ಅದೇ ಧರ್ಮರಾಯ ಅಜ್ಞಾತವಾಸದಲ್ಲಿ ವಿರಾಟನ ಆಸ್ಥಾನಕ್ಕೆ ಕಂಕನಾಗಿ, ಪಗಡೆ ಬಲ್ಲವನಾಗಿ ಹೋಗುತ್ತಾನೆ. ದಾರಿ ತಪ್ಪಿದಂತೆ ಕಂಡ ಕಥೆ ಕೇಳುವವನ ನೋವನ್ನೂ ಮುಟ್ಟಿತು, ಮುಂದಿನ ಪರ್ವಕ್ಕೆ ಬುತ್ತಿಯನ್ನೂ ಕಟ್ಟಿಕೊಟ್ಟಿತು. ಉಪಕಥೆಯ ಘನತೆ ಇರುವುದು ಅದರ ಉದ್ದದಲ್ಲಲ್ಲ. ಇನ್ನೂ ಒಂದು ಭೇದವಿದೆ. ಗಮಕಿಯ ಮುಂದೆ ಕುಳಿತವರಿಗೆ ದುರ್ಯೋಧನನ ತೊಡೆ ಮುರಿಯುತ್ತದೆಂದು ಮೊದಲೇ ಗೊತ್ತು. ಅವರು ಬಂದಿರುವುದು ಮುಂದೇನಾಯಿತೆಂದು ತಿಳಿಯಲಿಕ್ಕಲ್ಲ. ಜೋರ್ಡನ್ ಮಾತ್ರ ‘ಮುಂದೇನು’ ಎಂಬ ಹಸಿವನ್ನು ಎಂಟು ಸಂಪುಟಗಳ ಕಾಲ ಬೇಕೆಂದೇ ಬೆಳೆಸಿದವರು. ಹಸಿವು ಹುಟ್ಟಿಸಿದ ಮೇಲೆ ಹಸಿದವನನ್ನು ದೂರುವಂತಿಲ್ಲ.

ಮಾರಾಟದ ವಾದ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಎಂಟನೆಯ ಸಂಪುಟದಿಂದ ಮುಂದೆ ಪ್ರತಿಯೊಂದೂ ‘ನ್ಯೂಯಾರ್ಕ್ ಟೈಮ್ಸ್’ ಪಟ್ಟಿಯ ಮೊದಲ ಸ್ಥಾನಕ್ಕೆ ಏರಿತು, ಜನ ಮೆಚ್ಚಿದ್ದಕ್ಕೆ ಅದೇ ಸಾಕ್ಷಿ ಎನ್ನುತ್ತಾರೆ. ಹತ್ತನೆಯದನ್ನು ಕೊಳ್ಳುವವನು ಕೊಳ್ಳುವುದು ಹಿಂದಿನ ಒಂಬತ್ತರ ಮೇಲಿನ ನಂಬಿಕೆಯಿಂದ. ಪ್ರಕಾಶಕರು ಸಂಪುಟದ ಮುನ್ನುಡಿ ಅಧ್ಯಾಯವನ್ನೇ ಇ-ಪುಸ್ತಕವಾಗಿ ಮುಂಚಿತವಾಗಿ ಬೇರೆ ಮಾರುವಷ್ಟು ಆ ನಂಬಿಕೆ ಗಟ್ಟಿಯಾಗಿತ್ತು. ಇತ್ತ, ಸಂಪಾದಕಿ ಹ್ಯಾರಿಯೆಟ್ ಮ್ಯಾಕ್‌ಡೂಗಲ್ ಲೇಖಕರ ಹೆಂಡತಿಯಾದ್ದರಿಂದಲೇ ಕತ್ತರಿ ಆಡಲಿಲ್ಲ ಎಂಬ ಆರೋಪವೂ ಹಗುರವಾದದ್ದು. ಎಲ್ಲರೂ ಕೊಂಡಾಡುವ ನಾಲ್ಕನೆಯ ಸಂಪುಟವನ್ನು ತಿದ್ದಿದವರೂ ಅವರೇ.

ನನ್ನನ್ನು ನಿಜವಾಗಿ ಕಾಡುವುದು ಅಣ್ಣನ ಮಗಳ ವಾದ. ಅವಳು ಓದಿದ್ದೂ ಅದೇ ಪದಗಳನ್ನಲ್ಲವೇ? ಕಾಯುವುದು ಪುಸ್ತಕದೊಳಗಿಲ್ಲ, ಅದು ನನ್ನ ಬದುಕಿನಲ್ಲಿತ್ತು. ನನ್ನ ಎರಡು ವರ್ಷದ ಭಾರವನ್ನು ಜೋರ್ಡನ್ ತಲೆಗೆ ಏಕೆ ಕಟ್ಟಬೇಕು? ಬಹಳ ದಿನ ಇದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಈಗ ಹೀಗೆ ಅನಿಸುತ್ತದೆ: ಧಾರಾವಾಹಿಯಾಗಿ ಬರುವ ಕೃತಿಗೆ ಎರಡು ಜನ್ಮ. ಕಂತು ಕಂತಾಗಿ ಜನರ ವರ್ಷಗಳ ನಡುವೆ ಹುಟ್ಟುವುದು ಮೊದಲನೆಯದು, ಮುಗಿದ ಇಡಿಯಾಗಿ ಕಪಾಟಿನಲ್ಲಿ ನಿಲ್ಲುವುದು ಎರಡನೆಯದು. ಅವಳು ನೋಡಿದ್ದು ಎರಡನೆಯದನ್ನು. ಅವಳ ತೀರ್ಪು ಅದಕ್ಕೆ ಸರಿ. ಆದರೆ ಲೇಖಕರು ಬರೆದದ್ದು ಮೊದಲನೆಯದಕ್ಕಾಗಿಯೂ ಹೌದು. ಪ್ರತಿ ಸಂಪುಟವನ್ನೂ ಒಂದು ಪುಸ್ತಕವಾಗಿಯೇ ಕಟ್ಟಿ, ಬೆಲೆ ಹಾಕಿ, ನಮ್ಮ ಕೈಗಿತ್ತರು. ಕಾದವನ ಅನುಭವವೂ ಆ ಕೃತಿಯ ಕುರಿತಾದ ಸಾಕ್ಷ್ಯವೇ, ಕೆಟ್ಟು ಹೋದ ಸಾಕ್ಷ್ಯವಲ್ಲ. ಅಲ್ಲದೆ ಅವಳೂ ‘ನಿಧಾನ’ ಎಂದಳಲ್ಲ! ವಾರದಲ್ಲಿ ದಾಟಿದ್ದರಿಂದ ಕೆಸರಿನ ಆಳ ಅವಳಿಗೆ ತಿಳಿಯಲಿಲ್ಲ. ಕೆಸರಂತೂ ಅಲ್ಲಿತ್ತು. ಆ ಸಂಪುಟದ ಕಾಲಕ್ರಮದ ಜೋಡಣೆ ಬೇರೆಯಾಗಿರಬೇಕಿತ್ತು ಎಂಬರ್ಥದ ಮಾತನ್ನು ಜೋರ್ಡನ್ ಅವರೇ ಮುಂದೆ ಆಡಿದ್ದರು. ಅಭಿಮಾನಿಗಳಿಗಿಂತ ಅವರೇ ಹೆಚ್ಚು ಪ್ರಾಮಾಣಿಕರಾಗಿದ್ದರು.

ನಿಧಾನವೇ ದೋಷವೆಂದು ನಾನು ಹೇಳುತ್ತಿಲ್ಲ. 1992ರ ನಾಲ್ಕನೆಯ ಸಂಪುಟ ‘ದಿ ಶ್ಯಾಡೋ ರೈಸಿಂಗ್’ನಲ್ಲಿ ಮ್ಯಾಟ್ ಎಂಬ ಜೂಜುಕೋರನಿಗೆ, ‘ಒಂಬತ್ತು ಚಂದ್ರರ ಮಗಳು’ ಎಂಬ ಹೆಸರಿನವಳನ್ನು ನೀನು ಮದುವೆಯಾಗುತ್ತೀಯೆ ಎಂಬ ಭವಿಷ್ಯ ಸಿಗುತ್ತದೆ. ಯಾರವಳು, ಎಲ್ಲಿಯವಳು, ಅವನಿಗೆ ಗೊತ್ತಿಲ್ಲ. ಅವಳು ಎದುರಾಗುವುದು 2000ದಲ್ಲಿ, ಮದುವೆ ಪೂರ್ತಿಯಾಗುವುದು 2005ರ ಹನ್ನೊಂದನೆಯ ಸಂಪುಟ ‘ನೈಫ್ ಆಫ್ ಡ್ರೀಮ್ಸ್’ನಲ್ಲಿ. ಹದಿಮೂರು ವರ್ಷ. ಆದರೂ ಇದನ್ನು ಎಳೆದಾಟ ಎಂದವರನ್ನು ನಾನು ಕಂಡಿಲ್ಲ. ನಡುವಿನ ಪ್ರತಿ ಭೇಟಿಯಲ್ಲೂ ಆ ಭವಿಷ್ಯದ ಬಣ್ಣ ಬದಲಾಗುತ್ತಿತ್ತು: ಮೊದಲು ಭಯ, ಆಮೇಲೆ ಕುತೂಹಲ, ಕೊನೆಗೆ ಪ್ರೀತಿಯಂಥದೇನೋ. ಫಾಯೀಲ್‌ಳ ಏಳು ವರ್ಷ ಭಾರವಾದದ್ದು, ಮ್ಯಾಟ್‌ನ ಹದಿಮೂರು ವರ್ಷ ಹಗುರವಾದದ್ದು ಇದೇ ಕಾರಣಕ್ಕೆ.

‘ನೈಫ್ ಆಫ್ ಡ್ರೀಮ್ಸ್’ ಬಗ್ಗೆ ಒಂದು ಮಾತು ಹೇಳಲೇಬೇಕು. ಜೋರ್ಡನ್ ತಮ್ಮ ಹೃದಯದ ಅಮೈಲಾಯ್ಡೋಸಿಸ್ ಕಾಯಿಲೆಯನ್ನು ಓದುಗರಿಗೆ ತಿಳಿಸಿದ್ದು 2006ರಲ್ಲಿ, ತೀರಿಕೊಂಡದ್ದು 2007ರ ಸೆಪ್ಟೆಂಬರ್ 16ರಂದು. ಆಮೇಲೆ ಹಳೆಯ ಟೀಕೆಗಳೆಲ್ಲ ಒಮ್ಮೆಗೇ ಮೆತ್ತಗಾದವು. ಸತ್ತವರ ಬಗ್ಗೆ ಹಾಗೆ ಹೇಳಬಾರದು ಎಂದರು. ಆ ಮನುಷ್ಯನ ಸಾವಿಗೆ ನಾನೂ ಅತ್ತಿದ್ದೇನೆ. ಆದರೆ ಕರುಣೆಯಿಂದ ತೀರ್ಪನ್ನು ತಿದ್ದುವುದು ಅವರಿಗೆ ಗೌರವವಲ್ಲ. ಹನ್ನೊಂದನೆಯ ಸಂಪುಟ ಬಂದದ್ದು 2005ರ ಅಕ್ಟೋಬರ್‌ನಲ್ಲಿ, ಯಾರೂ ಕರುಣೆ ತೋರಿಸಬೇಕಾದ ಅಗತ್ಯ ಹುಟ್ಟುವ ಮೊದಲು. ಅದರಲ್ಲಿ ಅವರು ಫಾಯೀಲ್‌ಳನ್ನು ಬಿಡಿಸಿದರು, ಎಲೇನ್‌ಳಿಗೆ ಸಿಂಹಾಸನ ಕೊಟ್ಟರು, ಮ್ಯಾಟ್‌ನ ಮದುವೆ ಮುಗಿಸಿದರು. ಸಾಲಗಳನ್ನು ಒಂದೊಂದಾಗಿ ತೀರಿಸುತ್ತ ಬಂದ ಕುಶಲಕರ್ಮಿಯನ್ನು ಅಲ್ಲಿ ಕಂಡೆ. ಹತ್ತನೆಯದು ಕುಸಿದಿತ್ತೆಂದು ಒಪ್ಪದವರಿಗೆ ಹನ್ನೊಂದರ ಏರು ಹೇಗೆ ಕಾಣಿಸೀತು?

ಉಳಿದದ್ದನ್ನು ಬ್ರ್ಯಾಂಡನ್ ಸ್ಯಾಂಡರ್‌ಸನ್ ಮುಗಿಸಿದರು. ಜೋರ್ಡನ್ ಒಂದೇ ಸಂಪುಟ ಉಳಿದಿದೆ ಎಂದಿದ್ದರು, ಅದು ಮೂರಾಗಿ 2013ರ ಜನವರಿಗೆ ಮುಗಿಯಿತು. ನಮಗೆ ಇದೇನೂ ಹೊಸತಲ್ಲ. ಕುಮಾರವ್ಯಾಸ ಹತ್ತು ಪರ್ವಗಳಿಗೆ ನಿಲ್ಲಿಸಿದ ಭಾರತವನ್ನು ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣ ಕವಿ ಪೂರೈಸಿದ. ಕೈ ಬದಲಾದದ್ದು ಎರಡೂ ಕಡೆ ಗೊತ್ತಾಗುತ್ತದೆ. ಸ್ಯಾಂಡರ್‌ಸನ್ ಅವರ ಮ್ಯಾಟ್ ಮೊದಲು ಬೇರೆಯವನಂತೆ ಮಾತಾಡುತ್ತಾನೆ. ಆದರೂ ಕೊನೆಯ ದೃಶ್ಯವನ್ನು ಜೋರ್ಡನ್ ಸಾಯುವ ಮೊದಲೇ ಸಿದ್ಧಪಡಿಸಿ ಹೋಗಿದ್ದರು. ಆ ಪುಟಗಳನ್ನು ಓದುವಾಗ ಅವರದೇ ದನಿ ಕೇಳಿಸುತ್ತದೆ.

ಈ ಲೇಖನಕ್ಕೆಂದು ಹತ್ತನೆಯ ಸಂಪುಟವನ್ನು ಇನ್ನೊಮ್ಮೆ ಓದಿದೆ. ತೀರ್ಪು ಬದಲಾಗಲಿಲ್ಲ. ಆದರೆ ಹಿಂದೆ ದುಃಖದಲ್ಲಿ ದಾಟಿಬಿಟ್ಟಿದ್ದ ಒಂದು ಕಡೆ ಈ ಸಲ ನಿಂತೆ. 1990ರ ಮೊದಲ ಸಂಪುಟದಲ್ಲಿ ತೋಳಗಳ ಜೊತೆ ಬದುಕುವ ಎಲಾಯಸ್ ಎಂಬವನು ಪೆರಿನ್‌ಗೆ ಅವನ ಕೊಡಲಿಯ ಬಗ್ಗೆ ಬುದ್ಧಿ ಹೇಳಿರುತ್ತಾನೆ: ಅದನ್ನು ದ್ವೇಷಿಸುವವರೆಗೆ ಇಟ್ಟುಕೋ, ದ್ವೇಷ ಹೋದ ದಿನ ಎಸೆದುಬಿಡು ಎಂಬರ್ಥದಲ್ಲಿ. ಹೆಂಡತಿ ಎಲ್ಲಿದ್ದಾಳೆಂದು ಬಾಯಿ ಬಿಡಿಸಲು, ಹತ್ತನೆಯ ಸಂಪುಟದ ಪೆರಿನ್ ಸೆರೆಸಿಕ್ಕವನೊಬ್ಬನ ಕೈಯನ್ನು ಅದೇ ಕೊಡಲಿಯಿಂದ ಕಡಿಯುತ್ತಾನೆ. ಆಮೇಲೆ ಕೊಡಲಿಯನ್ನು ಎಸೆದು, ಮತ್ತೆ ಎತ್ತಿಕೊಳ್ಳದೆ ಹೊರಟುಹೋಗುತ್ತಾನೆ. ಹದಿಮೂರು ವರ್ಷದ ಸಾಲ ಅಲ್ಲಿ, ಆ ಸಂಪುಟದಲ್ಲೇ, ತೀರಿತ್ತು. ಅಣ್ಣನ ಮಗಳಿಗೆ ಫೋನ್ ಮಾಡಿ ಆ ಜಾಗ ನೆನಪಿದೆಯೇ ಎಂದು ಕೇಳಿದೆ. “ಅದನ್ನ ಹ್ಯಾಗೆ ಮರೆಯೋದು ಚಿಕ್ಕಪ್ಪ” ಅಂದಳು.