ಪುಗಸಟ್ಟೆ ಸೀಟಿನ ಲೆಕ್ಕ

ಕಳೆದ ತಿಂಗಳ ಯುವಜನ ಸಭೆ ಮುಗಿದು ಚಹಾ ಕುಡಿಯುತ್ತಿದ್ದೆವು. ಬೆಂಗಳೂರಿನಿಂದ ರಜೆಯಲ್ಲಿ ಬಂದಿದ್ದ ನಮ್ಮ ಗೆಳೆಯನೊಬ್ಬ ಮೊಬೈಲಿನಲ್ಲಿ ಫೋಟೊ ತೋರಿಸಿದ. ದುಬೈಯಲ್ಲಿರುವ ಅಕ್ಕನನ್ನು ನೋಡಲು ಬಿಸಿನೆಸ್ ಕ್ಲಾಸಿನಲ್ಲಿ ಕಾಲು ಚಾಚಿ ಹೋಗಿದ್ದ. ಕೈಯಿಂದ ಕೊಟ್ಟದ್ದು ತೆರಿಗೆ ಮತ್ತು ಶುಲ್ಕ ಮಾತ್ರ. ಉಳಿದದ್ದೆಲ್ಲ ಕ್ರೆಡಿಟ್ ಕಾರ್ಡಿನ ಪಾಯಿಂಟ್. "ನಮಗೂ ಕಲಿಸು ಮಾರಾಯ" ಎಂದೆವು. ಅವನು ಕಲಿಸಿದ.

ವಿಧಾನ ಸರಳ. ಎಲ್ಲ ಖರ್ಚನ್ನೂ ಕಾರ್ಡಿನಲ್ಲಿ ಮಾಡಬೇಕು. ಸೇರಿದ ಪಾಯಿಂಟನ್ನು ವಿಮಾನ ಕಂಪೆನಿಯ ಮೈಲ್ಸ್ ಆಗಿ ಬದಲಾಯಿಸಬೇಕು. ಮೈಲ್ಸಿಗಾಗಿ ಬಿಟ್ಟಿರುವ ಸೀಟು ಇರುವ ದಿನ ನೋಡಿ ಟಿಕೆಟ್ ಮಾಡಬೇಕು. ಇದರಲ್ಲಿ ಮೋಸವಿಲ್ಲ, ನಿಯಮಗಳನ್ನು ಬರೆದದ್ದೇ ಬ್ಯಾಂಕು.

ಆದರೆ ವಿಜ್ಞಾನದ ತರಗತಿಯಲ್ಲಿ ನಾವೆಲ್ಲ ಕಲಿತ ಪಾಠವೊಂದಿದೆ: ಶಕ್ತಿ ಶೂನ್ಯದಿಂದ ಹುಟ್ಟುವುದಿಲ್ಲ. ಹಣವೂ ಹಾಗೆಯೇ. ಆ ಮೈಲ್ಸಿಗೆ ಬ್ಯಾಂಕು ವಿಮಾನ ಕಂಪೆನಿಗೆ ದುಡ್ಡು ಕೊಡುತ್ತದೆ. ಬ್ಯಾಂಕಿಗೆ ಅದು ಎಲ್ಲಿಂದ ಬಂತು?

ಒಂದು ಪಾಲು ಅಂಗಡಿಯವರಿಂದ. ನಾವು ಯುಪಿಐಯಲ್ಲಿ ಬ್ಯಾಂಕ್ ಖಾತೆಯಿಂದ ಕೊಟ್ಟರೆ 2020ರಿಂದ ಅಂಗಡಿಯವರಿಗೆ ಶುಲ್ಕವಿಲ್ಲ. ಕ್ರೆಡಿಟ್ ಕಾರ್ಡ್ ಉಜ್ಜಿದರೆ ನೂರಕ್ಕೆ ಸುಮಾರು ಎರಡು ರೂಪಾಯಿ ಅವರ ಕೈಯಿಂದ ಹೋಗುತ್ತದೆ. ಅವರು ಅದನ್ನು ಸಾಮಾನಿನ ಬೆಲೆಗೆ ಸೇರಿಸಿದರೆ, ನಗದು ಎಣಿಸಿ ಕೊಡುವ ಅಜ್ಜಿಯೂ ಅದನ್ನು ತೆರುತ್ತಾಳೆ.

ಇನ್ನೊಂದು ಪಾಲು ಸಾಲ ತೀರಿಸಲಾಗದವರಿಂದ. ಇದು ನಮಗೆ ಪುಸ್ತಕದಿಂದ ತಿಳಿದದ್ದಲ್ಲ. ಆ ದಿನ ಚಹಾಕ್ಕೆ ಕೂತಿದ್ದ ನಮ್ಮಲ್ಲೊಬ್ಬ, ಬೋನಸ್ ಪಾಯಿಂಟಿನ ಆಸೆಗೆ ಬೇಡದ ಮೊಬೈಲ್ ಕೊಂಡ. ಬಿಲ್ಲು ₹40,000. "ಕನಿಷ್ಠ ಮೊತ್ತ ಕಟ್ಟಿದರೆ ಸಾಕು" ಎಂದುಕೊಂಡು ₹2,000 ಕಟ್ಟಿದ. ಬಡ್ಡಿ ತಿಂಗಳಿಗೆ ನೂರಕ್ಕೆ ಮೂರೂವರೆ, ಅಂದರೆ ₹1,400. ಅದರ ಮೇಲೆ ಜಿಎಸ್‌ಟಿ ₹252. ಕಟ್ಟಿದ ಎರಡು ಸಾವಿರದಲ್ಲಿ ಅಸಲಿಗೆ ಹೋದದ್ದು ₹348! ಅವನು ಬೇಸರದಲ್ಲಿ ನಮ್ಮೆದುರು ಬಿಲ್ಲು ಇಟ್ಟಾಗ ನಮಗೆ ನಾಚಿಕೆಯಾಯಿತು. ದಾರಿ ತೋರಿಸಿದವರು ನಾವು. ಗುಂಡಿ ಇದೆಯೆಂದು ಹೇಳಿರಲಿಲ್ಲ.

ಹಾಗಾದರೆ ಪಾಯಿಂಟ್ ಬಳಸುವುದು ಪಾಪವೇ? ಹಾಗೆಂದು ನಮಗೆ ಅನಿಸುವುದಿಲ್ಲ. ನಮ್ಮ ಗೆಳೆಯ ಆ ಸೀಟು ಬೇಡವೆಂದಿದ್ದರೆ ಅಜ್ಜಿಯ ಎರಡು ರೂಪಾಯಿ ಮರಳಿ ಬರುತ್ತಿರಲಿಲ್ಲ. ಆದರೆ ಬಾಡಿಗೆಯೇ ಇಲ್ಲದ ಮನೆಗೆ ಬಾಡಿಗೆ ಕಟ್ಟಿದಂತೆ ತೋರಿಸಿ ಪಾಯಿಂಟ್ ಗಳಿಸುವುದು ಬೇರೆ ಮಾತು. ಅದು ಜಾಣತನವಲ್ಲ, ಸುಳ್ಳು.

ನಮ್ಮನ್ನು ಕಾಡಿದ್ದು ಇನ್ನೊಂದು ವಿಷಯ. ಸಿಕ್ಕಿದ್ದನ್ನು ಗಳಿಸಿದ್ದೆಂದು ಎಷ್ಟು ಬೇಗ ನಂಬಿಬಿಡುತ್ತೇವೆ! "ಅವನಿಗೆ ಲೆಕ್ಕ ಗೊತ್ತಿಲ್ಲ, ಅದಕ್ಕೇ ಸಾಲದಲ್ಲಿ ಬಿದ್ದ" ಎಂದು ನಮ್ಮಲ್ಲಿ ಕೆಲವರು ನಕ್ಕದ್ದೂ ಉಂಟು. ಅವನ ಬಡ್ಡಿಯಂಥ ಹಣವೂ ಸೇರಿಯೇ ಆ ಸೀಟು ಅಗ್ಗವಾಗಿದ್ದು ಎಂಬುದು ಆಗ ಹೊಳೆಯಲಿಲ್ಲ. ಚಿನ್ನದುಂಗುರದವನಿಗೆ ಒಳ್ಳೆಯ ಆಸನ, ಬಡವನಿಗೆ ಕಾಲ ಬಳಿಯ ಜಾಗ ಕೊಡುವವರನ್ನು ಸಂತ ಯಕೋಬರು ತಮ್ಮ ಪತ್ರದಲ್ಲಿ ತರಾಟೆಗೆ ತೆಗೆದುಕೊಂಡಿದ್ದಾರೆ. ತಪ್ಪು ಆಸನದ್ದಲ್ಲ, ಅದರಿಂದ ಮನುಷ್ಯರನ್ನು ಅಳೆಯುವುದರದ್ದು.

ಅದಕ್ಕೇ ನಾವು ಮೂರು ವಿಷಯ ಒಪ್ಪಿಕೊಂಡಿದ್ದೇವೆ. ಪಾಯಿಂಟಿಗಾಗಿ ಏನನ್ನೂ ಕೊಳ್ಳುವುದಿಲ್ಲ. ಊರಿನ ಸಣ್ಣ ಅಂಗಡಿಯಲ್ಲಿ ನಗದು ಅಥವಾ ಯುಪಿಐ. ಕಾರ್ಡಿನ ಉಪಾಯ ಹೇಳುವವರು ಮೊದಲು ಆ ₹348ರ ಲೆಕ್ಕ ಹೇಳಬೇಕು. ನಮ್ಮ ಗೆಳೆಯನ ಬಾಕಿಗೆ ಎಲ್ಲರೂ ಸೇರಿ ಬಡ್ಡಿಯಿಲ್ಲದ ಕೈಸಾಲ ಕೊಟ್ಟಿದ್ದೇವೆ. ಹೆಚ್ಚು ಹಣ ಹಾಕಿದವನು ಬಿಸಿನೆಸ್ ಕ್ಲಾಸಿನಲ್ಲಿ ಹೋಗಿಬಂದವನೇ.