ಏನು ಕೆಟ್ಟಿತು, ಯಾರು ಕೆಡಿಸಿದರು

ಮನೆಯಲ್ಲಿ ಒಂದು ಯಂತ್ರ ಕೆಟ್ಟು ನಿಂತಾಗ ಎರಡು ಹುಡುಕಾಟಗಳು ಒಟ್ಟಿಗೇ ಆರಂಭವಾಗುತ್ತವೆ. ಏನು ಕೆಟ್ಟಿತು ಎಂಬುದು ಒಂದು. ಯಾರು ಕೆಡಿಸಿದರು ಎಂಬುದು ಇನ್ನೊಂದು. ಮೊದಲನೆಯದಕ್ಕೆ ಸ್ಕ್ರೂಡ್ರೈವರ್ ಬೇಕು, ತಾಳ್ಮೆ ಬೇಕು, ಒಂದಿಷ್ಟು ತಿಳಿವಳಿಕೆಯೂ ಬೇಕು. ಎರಡನೆಯದಕ್ಕೆ ಏನೂ ಬೇಡ. ಅದಕ್ಕೇ ಇರಬೇಕು, ಎರಡನೆಯದರ ಉತ್ತರ ಯಾವಾಗಲೂ ಮೊದಲು ಸಿಕ್ಕಿಬಿಡುತ್ತದೆ.

ಸಾಗರದ ಸಮೀಪದ ನನ್ನ ಅಕ್ಕನ ಮನೆಯಲ್ಲಿ 1996ರಲ್ಲಿ ಕೊಂಡ ಒಂದು ಕಂಪ್ಯೂಟರ್ ಇತ್ತು. ಭಾವ ಅದರಲ್ಲಿ ಅಡಿಕೆಯ ಲೆಕ್ಕ ಬರೆದಿಡುತ್ತಿದ್ದರು. 1998ರಲ್ಲಿ ‘ಬರಹ’ ತಂತ್ರಾಂಶ ಬಂದಿತಲ್ಲ, ಅದನ್ನು ಹಾಕಿಸಿಕೊಂಡ ಮೇಲೆ ಅಕ್ಕ ಊರಿನ ಹಿರಿಯ ಹೆಂಗಸರು ಹೇಳುತ್ತಿದ್ದ ಮದುವೆಯ ಹಾಡುಗಳನ್ನು ಒಂದೊಂದಾಗಿ ಬೆರಳಚ್ಚು ಮಾಡಿ ಸೇರಿಸಿದ್ದಳು. ಹೇಳಿಕೊಟ್ಟವರಲ್ಲಿ ಇಬ್ಬರು ಆಗಲೇ ತೀರಿಕೊಂಡಿದ್ದರು. 2003ರ ಬೇಸಿಗೆಯಲ್ಲಿ ಮನೆಯವರೆಲ್ಲ ಮೂರು ವಾರ ಊರಿನಲ್ಲಿರಲಿಲ್ಲ. ಹಿಂದಿರುಗಿ ಬಂದು ಗುಂಡಿ ಒತ್ತಿದರೆ ಯಂತ್ರ ಏಳಲಿಲ್ಲ. ಡಿಸ್ಕೇ ಸಿಗುತ್ತಿಲ್ಲವೆಂದು ಪರದೆಯ ಮೇಲೆ ಬರೆದು ಸುಮ್ಮನೆ ಕುಳಿತಿತು. ಹೊರಡುವ ಹಿಂದಿನ ರಾತ್ರಿ ಅದರಲ್ಲಿ ಆಟವಾಡಿದ್ದವನು ಎಂಟನೆಯ ತರಗತಿಯ ಹುಡುಗ, ನನ್ನ ಸೋದರಳಿಯ. ತೀರ್ಪಿಗೆ ಇನ್ನೇನು ಬೇಕು? “ಹಾಡೆಲ್ಲ ಅಳಿಸಿ ಹಾಕಿದ” ಎಂದಾಯಿತು. ಹುಡುಗ ಎರಡು ದಿನ ಸರಿಯಾಗಿ ಊಟ ಮಾಡಿರಲಿಲ್ಲವಂತೆ. ನಾನು ಹೋಗುವ ಹೊತ್ತಿಗೆ ಅವನೂ ತಾನೇ ಏನೋ ಮಾಡಿರಬೇಕು ಎಂದು ನಂಬತೊಡಗಿದ್ದ. ನನಗೆ ಕಸಿವಿಸಿಯಾದದ್ದು ಅದನ್ನು ಕಂಡು.

ಇಂಥ ತರ್ಕಕ್ಕೆ ನಮ್ಮ ಹಿಂದಿನವರು ಕಾಕತಾಳೀಯ ಎಂದು ಹೆಸರಿಟ್ಟಿದ್ದಾರೆ. ಕಾಗೆ ಬಂದು ಕೂರುವುದಕ್ಕೂ ತಾಳೆಯ ಹಣ್ಣು ಬೀಳುವುದಕ್ಕೂ ಸರಿಹೋಯಿತು. ನೋಡಿದವರು ಕಾಗೆಯೇ ಬೀಳಿಸಿತು ಎಂದರು. ಕಾಗೆಗಾದರೋ ಹಾರಿಹೋಗುವ ಅನುಕೂಲ ಉಂಟು. ಮನೆಯ ಮಕ್ಕಳಿಗೆ ಅದೂ ಇಲ್ಲ.

ಕಂಪ್ಯೂಟರ್ ಎಚ್ಚರಗೊಳ್ಳುವ ಕ್ರಮ ಬಲು ಚೆನ್ನಾಗಿದೆ. ವಿದ್ಯುತ್ ಬಂದೊಡನೆ ಅದು ಮೊದಲು ತನ್ನನ್ನೇ ಪರೀಕ್ಷಿಸಿಕೊಳ್ಳುತ್ತದೆ: ಮೆಮೊರಿ ಇದೆಯೇ, ಪರದೆ ಇದೆಯೇ, ಕೀಲಿಮಣೆ ಇದೆಯೇ? ಎಲ್ಲ ಸರಿಯಿದ್ದರೆ ಆ ಕಾಲದ ಹೆಚ್ಚಿನ ಯಂತ್ರಗಳು ಒಮ್ಮೆ ಬೀಪ್ ಎನ್ನುತ್ತಿದ್ದವು. ಪರದೆ ಬೆಳಗುವ ಮೊದಲೇ ತೊಂದರೆ ಕಂಡರೆ ಬೇರೆ ಎಣಿಕೆಯಲ್ಲಿ ಕೂಗಿಕೊಳ್ಳುತ್ತಿದ್ದವು. ಆಮೇಲೆ ಡಿಸ್ಕಿನ ಮೊದಲ 512 ಬೈಟ್‌ಗಳನ್ನು ಓದಿ, ಅಲ್ಲಿರುವ ಪುಟ್ಟ ಪ್ರೋಗ್ರಾಮಿಗೆ ಕೆಲಸ ಒಪ್ಪಿಸಬೇಕು. ಅದು ತನಗಿಂತ ದೊಡ್ಡದನ್ನು ಎಬ್ಬಿಸಬೇಕು. ಹೀಗೆ ಒಂದರ ಕೈ ಹಿಡಿದು ಇನ್ನೊಂದು ಏಳುವುದರಿಂದ, ಯಂತ್ರ ನಿಂತಾಗ ‘ಎಲ್ಲಿಯವರೆಗೆ ಬಂತು?’ ಎಂದು ಮೊದಲು ಕೇಳಿಕೊಳ್ಳಬೇಕು. ಅಲ್ಲಿಯವರೆಗಿನವರೆಲ್ಲ ಹೆಚ್ಚುಕಡಿಮೆ ನಿರಪರಾಧಿಗಳು.

ಅಕ್ಕನ ಯಂತ್ರದಲ್ಲಿ ಫ್ಯಾನು ತಿರುಗಿತು, ಬೀಪ್ ಒಂದೇ ಸಲ ಬಂತು, ಮೆಮೊರಿಯ ಎಣಿಕೆ ಪೂರ್ತಿಯಾಯಿತು. ಡಿಸ್ಕಿನ ಹತ್ತಿರ ಬಂದು ನಿಂತಿತು. ಆದರೆ ಇನ್ನೊಂದು ಸಾಕ್ಷಿಯೂ ಅಲ್ಲಿತ್ತು. ಸೆಟಪ್ ಪುಟ ತೆರೆದರೆ ತಾರೀಖು 1980ರ ಜನವರಿ 1 ಎಂದು ತೋರಿಸುತ್ತಿತ್ತು. ಹಾಡು ಅಳಿಸುವ ಹುಡುಗ ಗಡಿಯಾರವನ್ನೇಕೆ ಹಿಂದಕ್ಕೆ ತಿರುಗಿಸುತ್ತಾನೆ ಹೇಳಿ?

ಗಡಿಯಾರದ ಸಮಯ, ಡಿಸ್ಕಿನ ವಿವರ ಎರಡೂ ಒಂದೇ ಸಣ್ಣ ಮೆಮೊರಿಯಲ್ಲಿರುತ್ತಿದ್ದವು. ಯಂತ್ರ ಆರಿದ್ದಾಗ ಆ ಮೆಮೊರಿಯ ಜೀವ ಉಳಿಸುವುದು ಮದರ್‌ಬೋರ್ಡಿನ ಮೇಲೆ ಬಿಲ್ಲೆಯಂತೆ ಕೂತ 3 ವೋಲ್ಟಿನ ಸೆಲ್ಲು. ಸಿಆರ್ 2032 ಎಂದು ಅದರ ಹೆಸರು, 20 ಮಿ.ಮೀ. ಅಗಲ, 3.2 ಮಿ.ಮೀ. ದಪ್ಪ ಎಂಬುದೇ ಆ ಅಂಕೆಗಳ ಅರ್ಥ. ಕೆಲವು ವರ್ಷ ಬಾಳಿ ಅದು ಬರಿದಾದರೆ ಯಂತ್ರ ತಾರೀಖನ್ನು ಮರೆಯುತ್ತದೆ. ಅಷ್ಟು ಹಳೆಯ ಯಂತ್ರವಾದರೆ ತನ್ನ ಹೊಟ್ಟೆಯಲ್ಲಿ ಡಿಸ್ಕ್ ಇರುವುದನ್ನೂ ಮರೆಯಬಹುದು. ಡಿಸ್ಕ್ ಇದ್ದಲ್ಲೇ ಇರುತ್ತದೆ, ಹಾಡುಗಳೂ ಇದ್ದಲ್ಲೇ ಇರುತ್ತವೆ. ಅವು ಇವೆ ಎಂಬ ನೆನಪು ಮಾತ್ರ ಹೋಗಿರುತ್ತದೆ.

ಡಿಸ್ಕನ್ನು ಹುಡುಕು ಎಂದು ಸೆಟಪ್‌ನಲ್ಲಿ ಆಜ್ಞೆ ಕೊಟ್ಟೆ. ಸಿಕ್ಕಿತು. ಹಾಡುಗಳು ಬಂದವು, ಅಕ್ಕ ಒಂದನ್ನು ಕೊನೆಯವರೆಗೂ ಓದಿ ನೋಡಿದಳು. ಬೇರೆ ಯಾವುದಕ್ಕೂ ಕೈಹಾಕುವ ಮೊದಲು ಅವನ್ನೆಲ್ಲ ಫ್ಲಾಪಿಗಳಿಗೆ ನಕಲು ಮಾಡಿಕೊಂಡೆವು. ಪೇಟೆಯಿಂದ ಹೊಸ ಸೆಲ್ಲು ತರಿಸಿ ಹಾಕಿ, ವಿವರಗಳನ್ನು ಮತ್ತೆ ತುಂಬಿ, ರಾತ್ರಿ ಪ್ಲಗ್ ಕಿತ್ತಿಟ್ಟೆವು. ಬೆಳಗ್ಗೆ ಯಂತ್ರ ತಾನಾಗಿ ಎದ್ದಿತು. ಆಗ ನಾನು ಹೊಸದನ್ನು ತೆಗೆದು ಹಳೆಯ ಸೆಲ್ಲನ್ನೇ ಮತ್ತೆ ಕೂರಿಸಲು ಹೊರಟೆ.

“ಸರಿಹೋದದ್ದನ್ನು ಮತ್ತೆ ಯಾಕೆ ಕೆಡಿಸ್ತೀಯ ಮಾರಾಯ?” ಎಂದರು ಭಾವ.

ಭಾವನ ಪ್ರಶ್ನೆ ಚಿಕ್ಕದಲ್ಲ. ಯಂತ್ರ ನಡೆಯಬೇಕು, ಕಾರಣ ಕಟ್ಟಿಕೊಂಡು ಏನಾಗಬೇಕು? ರಿಪೇರಿ ಅಂಗಡಿಯ ಧರ್ಮವೂ ಅದೇ. ಮೆಮೊರಿಯ ಅಂಚನ್ನು ರಬ್ಬರಿನಿಂದ ಉಜ್ಜಿ, ಕೇಬಲ್ಲುಗಳನ್ನು ಕಿತ್ತು ಕೂರಿಸಿ, ಸೆಲ್ಲು ಬದಲಿಸಿ, ಎಲ್ಲವನ್ನೂ ಒಂದೇ ಸಲಕ್ಕೆ ಮಾಡಿ ಗುಂಡಿ ಒತ್ತುತ್ತಾರೆ. ಎದ್ದರೆ ‘ಏನೋ ಲೂಸ್ ಕಾಂಟ್ಯಾಕ್ಟ್’. ಸಾಲಾಗಿ ಹತ್ತು ಯಂತ್ರ ಕಾಯುತ್ತಿರುವಾಗ ಅದು ತಪ್ಪೂ ಅಲ್ಲ.

ಆದರೆ ನಮ್ಮ ತಾರ್ಕಿಕರು ಅನ್ವಯ, ವ್ಯತಿರೇಕ ಎಂದು ಎರಡನ್ನು ಹೇಳುತ್ತಾರೆ. ಇದು ಇದ್ದರೆ ಅದು ಇರಬೇಕು. ಇದು ಇಲ್ಲದಿದ್ದರೆ ಅದೂ ಇರಬಾರದು. ಎರಡನ್ನೂ ನೋಡಿದ ಮೇಲೆ ತಾನೇ ಕಾರಣ ಎನ್ನುವ ಮಾತಿಗೆ ಬೆಲೆ? ಅದಕ್ಕೆ ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಹಳೆಯ ಸೆಲ್ಲು ಹಾಕಿ ಅದೇ ರೀತಿ ಒಂದು ರಾತ್ರಿ ಆರಿಸಿಟ್ಟೆವು. ಮರುದಿನ ಗುಂಡಿ ಒತ್ತಿದವನು ಹುಡುಗನೇ. ಯಾರೂ ಮುಟ್ಟದ ಯಂತ್ರ ಮತ್ತೆ 1980ಕ್ಕೆ ಹೋಗಿತ್ತು, ಮತ್ತೆ ಡಿಸ್ಕನ್ನು ಮರೆತಿತ್ತು. ಅವನು ತಾರೀಖನ್ನು ಗಟ್ಟಿಯಾಗಿ, ಮನೆಯವರಿಗೆಲ್ಲ ಕೇಳುವಂತೆ ಓದಿದ.

ಅಂಗಡಿಗೆ ಕಳಿಸಿದ್ದರೆ ಯಂತ್ರ ಸರಿಯಾಗಿ ಬರುತ್ತಿತ್ತು. ‘ಹೇಗೋ ಸರಿಯಾಯಿತಲ್ಲ, ಇನ್ನು ಮೇಲೆ ಮುಟ್ಟಬೇಡ’ ಎಂದು ಹುಡುಗನನ್ನು ಕ್ಷಮಿಸುತ್ತಿದ್ದರು. ಮಾಡದ ತಪ್ಪಿಗೆ ಸಿಗುವ ಕ್ಷಮೆಯನ್ನು ಎಂಟನೆಯ ತರಗತಿಯವನು ಎಲ್ಲಿ ಇಟ್ಟುಕೊಳ್ಳಬೇಕು? ಕ್ಷಮೆ ದೊಡ್ಡದೇ, ಆದರೆ ವಿಚಾರಿಸುವ ಶ್ರಮ ತಪ್ಪಿಸಿಕೊಳ್ಳಲು ಕೊಟ್ಟ ಕ್ಷಮೆ ಆರೋಪಕ್ಕೆ ಇನ್ನೊಂದು ಮೊಹರು.

ಒಂದು ವೇಳೆ ಅವನೇ ಅಳಿಸಿದ್ದರೆ? ಆಗಲೂ ಹೀಗೇ ಹುಡುಕಬೇಕಿತ್ತು. ಏನು ಅಳಿಸಿದ, ಎಷ್ಟು, ತಿಳಿದೋ ತಿಳಿಯದೆಯೋ ಎಂಬುದು ಗೊತ್ತಾದರೆ ತಪ್ಪಿಗೆ ಒಂದು ಅಳತೆ ಸಿಗುತ್ತದೆ. ಕಾರಣ ಗೊತ್ತಿಲ್ಲದ ಬೈಗುಳಕ್ಕೆ ಅಳತೆಯಿಲ್ಲ. ಅದು ಅವನ ಆಟ, ಓದು, ನಡತೆ ಎಲ್ಲಕ್ಕೂ ಹಬ್ಬಿಕೊಳ್ಳುತ್ತದೆ.

ಕೆಟ್ಟದ್ದೆಲ್ಲದರ ಕಾರಣ ಹುಡುಕುತ್ತ ಕೂತರೆ ಬದುಕು ಸಾಗದು, ನಿಜ. ಗ್ರೈಂಡರ್ ನಿಂತರೆ ಒಮ್ಮೆ ತಟ್ಟಿ ನೋಡುತ್ತೇವೆ. ತಿರುಗಿದರೆ ದೋಸೆಯ ಹಿಟ್ಟು ರುಬ್ಬಿಕೊಂಡು ಸುಮ್ಮನಾಗುತ್ತೇವೆ. ಯಂತ್ರ ಮಾತ್ರ ಕೆಟ್ಟಿದ್ದರೆ ಅಷ್ಟು ಸಾಕು. ಅದರ ಜೊತೆಗೆ ಒಬ್ಬರ ಹೆಸರೂ ಕೆಟ್ಟಿದ್ದರೆ, ಎರಡನ್ನೂ ರಿಪೇರಿ ಮಾಡಿಯೇ ಏಳಬೇಕು.